ಎರಡು ಪ್ರಶ್ನೆಗೆ ಒಂದು ‘ಆಗುದಿಲ್ಲ’

ಯಶಸ್ವಿ ವಾಟ್ಸಾಪಿನಲ್ಲಿ ಕೇಳಿದ್ದು ಎರಡು ಪ್ರಶ್ನೆ. ರೂಪೇಶ ಕಳಿಸಿದ್ದು ಒಂದೇ ಪದ. ‘ಆಗುದಿಲ್ಲ.’

ಮೊದಲ ಪ್ರಶ್ನೆ ಸರಳವಾದದ್ದು. ಪುತ್ತೂರಿನಲ್ಲಿ ಯಾರೋ ಮಾರಾಟಕ್ಕಿಟ್ಟಿದ್ದ ಸೆಕೆಂಡ್‌ಹ್ಯಾಂಡ್ ಪ್ರೊಸೆಸರಿನ ಫೋಟೋ ಹಾಕಿ, ‘ಇದು ನನ್ನ ಕಂಪ್ಯೂಟರಿನ ಬೋರ್ಡಿಗೆ ಆಗ್ತದಾ?’ ಎಂದು ಕೇಳಿದ್ದಳು. ಎರಡನೆಯದನ್ನು ಕೇಳಲು ಮಾತ್ರ ಎರಡು ವರ್ಷ ಹಿಡಿದಿತ್ತು. ಮೂರು ಸಲ ಬರೆದು ಅಳಿಸಿ, ನಾಲ್ಕನೇ ಸಲ ಕಣ್ಣು ಮುಚ್ಚಿ ಒತ್ತಿಬಿಟ್ಟಿದ್ದಳು. ‘ಮತ್ತೆ ನಾನು ಆಗ್ತೇನಾ?’

ಹೌದು ಎನ್ನುವುದಾದರೆ ಕನ್ನಡದಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಪ್ರೊಸೆಸರಾದರೆ ‘ಆಗ್ತದೆ’, ಹುಡುಗಿಯಾದರೆ ‘ಆಗ್ತೀರಿ’. ಇಲ್ಲ ಎನ್ನುವಾಗ ಈ ಭಾಷೆಗೆ ಮನುಷ್ಯರೂ ಒಂದೇ, ಎರಡು ಬೆರಳಗಲದ ಪ್ರೊಸೆಸರೂ ಒಂದೇ. ಇದರಲ್ಲಿ ಯಾವುದು ಆಗುವುದಿಲ್ಲ ಎಂದು ತಿರುಗಿ ಕೇಳೋಣವೆಂದರೆ ಸ್ವಾಭಿಮಾನ ಅಡ್ಡ ಬರುತ್ತಿತ್ತು.

“ಎಂತಾಯ್ತು? ಮುಖ ಯಾಕೆ ಹಾಗೆ ಮಾಡಿದ್ದೀ?” ಅಡುಗೆಮನೆಯಿಂದಲೇ ಕೇಳಿದರು ಅಮ್ಮ ಪೂವಮ್ಮ.

“ಆಗುದಿಲ್ಲಂತೆ.”

“ಎಂತದ್ದು?”

“ಅದೇ ಗೊತ್ತಿಲ್ಲ.”

ಪೂವಮ್ಮ ಮಗಳನ್ನು ಒಮ್ಮೆ ನೋಡಿ, ಒಗ್ಗರಣೆಗೆ ಸಾಸಿವೆ ಹಾಕಿದರು.

ಭಾನುವಾರ ಅವಳು ಊರು ಮರ್ಕಂಜ ಬಿಟ್ಟು ಮಂಗಳೂರು ಹತ್ತಿರದ ಕೊಣಾಜೆಗೆ ಹೊರಡಬೇಕು. ಯುನಿವರ್ಸಿಟಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ರೂಮೂ ಗೊತ್ತಾಗಿದೆ. ಜೊತೆಗೆ ಒಯ್ಯಬೇಕಾದ ಗೇಮಿಂಗ್ ಕಂಪ್ಯೂಟರ್ ಮಾತ್ರ ಇನ್ನೂ ತೀರ್ಮಾನವಾಗದೆ ಉಳಿದಿದೆ. ಪಿಯುಸಿಯಲ್ಲಿದ್ದಾಗ ಹಟ ಹಿಡಿದು ತೆಗೆಸಿಕೊಂಡದ್ದು, ಆಗಲೇ ಹಳತು. ಈಗ ಅದರ ಒಂದು ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಿಡಿಯದಿದ್ದರೆ ಕಾದು ಆಫ್ ಆಗುತ್ತದೆ. ಗೇಮಿನಲ್ಲಿ ಶತ್ರು ಎದುರು ಬಂದಾಗಲೇ ಪರದೆ ನಿಂತುಬಿಡುತ್ತದೆ. ಅದು ಮತ್ತೆ ಅಲ್ಲಾಡುವ ಹೊತ್ತಿಗೆ ಯಶಸ್ವಿ ಸತ್ತು ಬಿದ್ದಿರುತ್ತಾಳೆ. ಪ್ರೊಸೆಸರ್ ಬದಲಿಸಬೇಕೋ, ಹೀಗೇ ಒಯ್ಯಬೇಕೋ ಎಂದು ಎರಡು ತಿಂಗಳಿಂದ ಕೇಳಿದ್ದೇ ಕೇಳಿದ್ದು. ಸುಳ್ಯ ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಸಂಪಾಜೆಯ ರೂಪೇಶನ ಬಾಯಲ್ಲಿ ಇದ್ದದ್ದು ಒಂದೇ ಮಾತು, “ನೋಡುವ.”

ಎರಡು ವರ್ಷದ ಹಿಂದೆ, ಮೊದಲ ದಿನ ಅವನನ್ನು ‘ಅಣ್ಣ’ ಎಂದು ಕರೆದುಬಿಟ್ಟಿದ್ದಳು. ಈ ಊರಿನಲ್ಲಿ ಅಂಗಡಿಯವರೆಲ್ಲ ಅಣ್ಣಂದಿರೇ. ಆಮೇಲೆ ಆ ಅಣ್ಣನನ್ನು ನಾಲಿಗೆಯಿಂದ ಇಳಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಫೋನಿನಲ್ಲಿ ಇನ್ನೂ ‘ರೂಪೇಶಣ್ಣ ಕಂಪ್ಯೂಟರ್’ ಎಂದೇ ಇತ್ತು.

ಮೊನ್ನೆ ಮಂಗಳವಾರ ಕಂಪ್ಯೂಟರನ್ನು ಅಂಗಡಿಯಲ್ಲಿ ಬಿಟ್ಟು ಬರುವಾಗಲೂ ಅದೇ ಕತೆ.

“ಬದಲಿಸುದಾ, ಬೇಡವಾ? ಒಂದು ಹೇಳಿ.”

“ನೋಡುವ.”

“ಎರಡು ತಿಂಗಳಿಂದ ನೋಡ್ತಾನೇ ಇದ್ದೀರಿ.”

“ಕಂಪ್ಯೂಟರನ್ನಾ?” ಎಂದುಬಿಟ್ಟ ರೂಪೇಶ.

“ಮತ್ತೆ ಎಂತದನ್ನು?”

ಅವನು ಬೀಳದೇ ಇದ್ದ ಒಂದು ಸ್ಕ್ರೂವನ್ನು ಮೇಜಿನ ಕೆಳಗೆ ಹುಡುಕತೊಡಗಿದ. ಬಗ್ಗಿದವನ ಕಿವಿ ಕೆಂಪಾದದ್ದು ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಹೊರಡಲೂ ಮನಸ್ಸಿಲ್ಲದೆ, ನಿಲ್ಲಲೂ ನೆಪವಿಲ್ಲದೆ ಯಶಸ್ವಿ ಬಾಗಿಲ ಬಳಿ ಒಂದಷ್ಟು ಹೊತ್ತು ಕಳೆದಳು. ಅಲ್ಲಿ ‘ಕೆಲಸಕ್ಕೆ ಜನ ಬೇಕು’ ಎಂದು ಅಂಟಿಸಿದ್ದ ಚೀಟಿಯ ಮೂಲೆ ಎದ್ದಿತ್ತು. ಅದನ್ನು ಒತ್ತಿ, ಮತ್ತೆ ಒತ್ತಿ, ಸರಿಮಾಡಿ ಬಂದಿದ್ದಳು. ಆ ಕೆಂಪು ಕಿವಿಯ ಧೈರ್ಯದ ಮೇಲೆಯೇ ಬುಧವಾರ ಅವಳು ಎರಡನೇ ಪ್ರಶ್ನೆ ಕಳಿಸಿದ್ದು.

ಅದಕ್ಕೆ ಸಿಕ್ಕಿದ್ದು ಈ ‘ಆಗುದಿಲ್ಲ’.

ಶುಕ್ರವಾರ ಹನ್ನೊಂದರ ಬಸ್ಸಿನಲ್ಲಿ ಸುಳ್ಯಕ್ಕೆ ಬಂದಳು. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದಳು.

“ನನ್ನ ಕಂಪ್ಯೂಟರ್ ಡಬ್ಬ ಕೊಡಿ. ಹೋಗ್ತೇನೆ.”

ಯಾವತ್ತೂ ‘ಬರ್ತೇನೆ’ ಎನ್ನುವವಳು ‘ಹೋಗ್ತೇನೆ’ ಎಂದದ್ದಕ್ಕೆ ರೂಪೇಶ ತಲೆಯೆತ್ತಿದ.

“ಕೂತ್ಕೊಳ್ಳಿ. ಯಾಕೆ ಆಗುದಿಲ್ಲ ಅಂತ ಹೇಳ್ತೇನೆ.”

“ಬೇಡ. ಒಂದೇ ಪದದಲ್ಲಿ ಹೇಳಿ ಮುಗಿಸಿದ್ದೀರಲ್ಲ.”

ಅವನು ಆದರೂ ಡಬ್ಬವನ್ನು ಅವಳ ಕಡೆ ತಿರುಗಿಸಿದ. ಒಳಗೆ ಧೂಳಿನ ಸುಳಿವಿಲ್ಲ. ವೈರುಗಳನ್ನು ಜಡೆ ಹೆಣೆದ ಹಾಗೆ ಒಟ್ಟು ಮಾಡಿ ಕಟ್ಟಿದ್ದ. ಹೊಸ ಫ್ಯಾನೊಂದು ಕೂತಿತ್ತು.

“ನೀವು ಕಳಿಸಿದ ಪ್ರೊಸೆಸರ್ ಈ ಬೋರ್ಡಿಗೆ ಕೂರುದಿಲ್ಲ. ಅದೇ ಬೇಕಾದ್ರೆ ಬೋರ್ಡು ಬದಲಿಸಬೇಕು, ರ‍್ಯಾಮ್ ಬದಲಿಸಬೇಕು. ಮತ್ತೆ ನಿಮ್ಮದು ಅಂತ ಉಳಿಯುದು ಈ ತಗಡು ಮಾತ್ರ. ಈಗ ಇರುವ ಪ್ರೊಸೆಸರ್ ಬಿಸಿಯಾಗುದನ್ನು ನಿಲ್ಲಿಸಿದ್ದೇನೆ. ಇನ್ನು ಹ್ಯಾಂಗ್ ಆಗುದು ಕಡಿಮೆ. ಬದಲಿಸುದು ಬೇಡ. ಎರಡು ವರ್ಷ ಓಡ್ತದೆ.”

“ಇದನ್ನು ಎರಡು ತಿಂಗಳ ಹಿಂದೆಯೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?”

ರೂಪೇಶ ಬೆರಳಿಗೆ ಹತ್ತಿದ್ದ, ಪ್ರೊಸೆಸರಿಗೆ ಹಚ್ಚುವ ಪೇಸ್ಟನ್ನು ಬಟ್ಟೆಯಲ್ಲಿ ಒರೆಸಿದ. ಅದು ಹೋದ ಮೇಲೂ ಒರೆಸಿದ.

“ಹೇಳಿದ್ರೆ ಮತ್ತೆ ನೀವು ಬರ್ತಿರ್ಲಿಲ್ಲ.”

ಯಶಸ್ವಿಯ ಸಿಟ್ಟು ಇಮ್ಮಡಿಯಾಗಿ ಬಂತು. ಇಷ್ಟು ಮನಸ್ಸಿಟ್ಟುಕೊಂಡವನು ಹಾಗೆ ಹೇಳಿದ್ದಾದರೂ ಯಾಕೆ?

“ಬರುದು ಬೇಕಿತ್ತಾದ್ರೆ, ನನ್ನ ಎರಡನೇ ಪ್ರಶ್ನೆಗೂ ಆಗುದಿಲ್ಲ ಅಂದದ್ದು ಯಾಕೆ?”

“ಮತ್ತೆ ಎಂತ ಹೇಳುದು? ಇಷ್ಟು ಒಳ್ಳೆ ಸೀಟು ಸಿಕ್ಕಿದೆ. ಅದನ್ನು ಬಿಟ್ಟು ನನ್ನ ಅಂಗಡಿಗೆ ಕೆಲಸಕ್ಕೆ ಬರ್ತೇನೆ ಅಂದ್ರೆ ಹೂಂ ಅನ್ಲಿಕ್ಕೆ ಆಗ್ತದಾ? ನನಗೆ ಬೇಡ ಅಂತ ಅಲ್ಲ. ನೀವು ದಿನಾ ಇಲ್ಲಿ ಬಂದು ಕೂರುದಾದ್ರೆ… ಅದು ಬೇರೆ ವಿಷಯ. ಆದ್ರೂ ಆಗುದಿಲ್ಲ.”

“ಕೆಲಸಕ್ಕಾ?”

ಅವನು ಬಾಗಿಲಿನ ಚೀಟಿ ತೋರಿಸಿದ. “ಮೊನ್ನೆ ಅದನ್ನು ಮುಟ್ಟಿ ಮುಟ್ಟಿ ನೋಡಿದ್ರಲ್ಲ.”

ಯಶಸ್ವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಕದೇ ಇದ್ದ ಅರ್ಜಿ ತಿರಸ್ಕೃತವಾಯಿತೆಂದು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

“ಕೆಲಸಕ್ಕೆ ಅಲ್ಲ ಮಾರಾಯ್ರೆ ನಾನು ಕೇಳಿದ್ದು.”

“ಮತ್ತೆ ಎಂತದಕ್ಕೆ?”

ಅವಳು ಅವನ ಮುಖವನ್ನೇ ನೋಡಿದಳು. ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಈ ಸಲ ನಿಜವಾಗಿಯೂ ಕೆಳಗೆ ಬಿತ್ತು. ಅವನು ಬಗ್ಗಲಿಲ್ಲ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಹೈಸ್ಕೂಲಿನ ಕನ್ನಡ ಟೀಚರ್ ಫೌಝಿಯಾ, ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏದುಸಿರು ಬಿಡುತ್ತ ಒಳಗೆ ಬಂದರು. ಇವರಿಗೂ ಇದೇ ಹೊತ್ತು ಬೇಕಿತ್ತೇ ಎಂದುಕೊಂಡಳು ಯಶಸ್ವಿ.

“ರೂಪೇಶ್, ಇದು ಆನ್ ಆಗುದೇ ಇಲ್ಲ. ಸರಿ ಆಗ್ತದಾ ನೋಡಿ.”

ರೂಪೇಶ ಲ್ಯಾಪ್‌ಟಾಪಿನ ಕಡೆ ತಿರುಗಲಿಲ್ಲ. ಯಶಸ್ವಿಯನ್ನೇ ನೋಡುತ್ತ, “ಆಗ್ತಿ,” ಎಂದ.

ಎರಡು ವರ್ಷದಲ್ಲಿ ಒಮ್ಮೆಯೂ ಅವಳನ್ನು ‘ನೀನು’ ಎಂದವನಲ್ಲ.

“ಅದೆಂತ ಆಗ್ತಿ? ಆಗ್ತದೆ ಅನ್ನಿ,” ಟೀಚರಿಗೆ ತಡೆಯಲಾಗಲಿಲ್ಲ. “ಆಗ್ತಿ ಅನ್ನುದು ಎದುರಿಗಿದ್ದವರಿಗೆ. ಅದೂ ಸಲುಗೆ ಇದ್ರೆ ಮಾತ್ರ.”

“ಗೊತ್ತುಂಟು ಟೀಚರ್. ಎದುರಿಗಿದ್ದವರಿಗೇ ಹೇಳಿದ್ದು.”

ಫೌಝಿಯಾ ಟೀಚರ್ ಅವನನ್ನು ನೋಡಿದರು, ಇವಳನ್ನು ನೋಡಿದರು. ಲ್ಯಾಪ್‌ಟಾಪನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, “ನನ್ನದಕ್ಕೆ ಅವಸರ ಇಲ್ಲ, ಸೋಮವಾರ ಬರ್ತೇನೆ,” ಎಂದು ಬಂದ ದಾರಿಯಲ್ಲೇ ಇಳಿದುಹೋದರು.

ಯಶಸ್ವಿ ಬಗ್ಗಿ ಸ್ಕ್ರೂಡ್ರೈವರ್ ಎತ್ತಿಕೊಟ್ಟಳು. ತೆಗೆದುಕೊಂಡ ಬೆರಳು ಅವಳ ಬೆರಳನ್ನು ಕೂಡಲೇ ಬಿಡಲಿಲ್ಲ.

“ಡಬ್ಬ ಇವತ್ತೇ ಕೊಂಡೋಗ್ತಿಯಾ,” ರೂಪೇಶ ಮೆಲ್ಲನೆ ಕೇಳಿದ, “ಇಲ್ಲಾಂದ್ರೆ ಭಾನುವಾರ ಕೊಣಾಜೆಗೆ ನಾನೇ ತಂದು ಕೊಡ್ಲಾ?”

ಎರಡು ತಿಂಗಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಯಶಸ್ವಿ ಅವಸರ ಮಾಡಲಿಲ್ಲ.

“ನೋಡುವ,” ಎಂದಳು.