ನೀರಿನಲ್ಲಿ ಕಾಣದ ಟ್ಯಾಂಕು

ಡಿಸೆಂಬರ್ ಹನ್ನೆರಡು, ಶುಕ್ರವಾರ. ಐದನೆಯ ತರಗತಿಯ ಗೋಡೆಯ ಮೇಲೆ ಮಕ್ಕಳೇ ತೆಗೆದ ಮೂವತ್ತೊಂದು ಫೋಟೋಗಳಿದ್ದವು. ಮೂವತ್ತೆರಡನೆಯದು ಲತಾಮಣಿ ಮಿಸ್ ಅವರ ಕೈಯಲ್ಲಿತ್ತು.

“ಇದನ್ನ ಹಾಕಲ್ಲ ಮೇಘಶ್ರೀ. ಎಡಿಟ್ ಮಾಡಬಾರದು ಅಂತ ಮೊದಲೇ ಹೇಳಿದ್ನಲ್ಲ?”

“ಮಾಡಿಲ್ಲ ಮಿಸ್.”

ಮಿಸ್ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಸುಬ್ರಹ್ಮಣ್ಯಪುರದಾಚೆಯ ಬಂಡೆಗುಡ್ಡ; ಅದರ ಬುಡದಲ್ಲಿ ಪುಟ್ಟ ಕೆರೆಯಂಥ ಕುಂಟೆಯ ನಿಶ್ಚಲವಾದ ನೀರು; ನೀರಿನೊಳಗೆ ತಲೆಕೆಳಗಾಗಿ ನಿಂತ ಅದೇ ಗುಡ್ಡ. ಗುಡ್ಡದ ಹಿಂದಿನಿಂದ ದೂರದ ಅಪಾರ್ಟ್‌ಮೆಂಟೊಂದರ ಕೆಂಪು ಟ್ಯಾಂಕು ಇಣುಕುತ್ತಿತ್ತು. ನೀರಿನಲ್ಲಿ ಮಾತ್ರ ಟ್ಯಾಂಕು ಇರಲಿಲ್ಲ.

“ಮೇಲೆ ಇರೋದು ಕೆಳಗೆ ಎಲ್ಲಿ ಹೋಯ್ತು? ಕೆಳಗಡೆ ಅಳಿಸಿ, ಮೇಲೆ ಅಳಿಸೋದು ಮರೆತ್ಯಾ?”

ಹಿಂದಿನ ಬೆಂಚಿನವರು ನಕ್ಕರು. ಪಕ್ಕದಲ್ಲಿದ್ದ ಗೆಳತಿ ದಿವ್ಯ ನಗಲಿಲ್ಲ. ಸೋಮವಾರ ಮಧ್ಯಾಹ್ನ ತಂದೆತಾಯಿಯರು ಪ್ರದರ್ಶನ ನೋಡಲು ಬರುವವರಿದ್ದರು. ಅಷ್ಟರೊಳಗೆ ನಿಜವನ್ನು ತೋರಿಸಿಕೊಡದಿದ್ದರೆ ಮೇಘಶ್ರೀಯ ಫೋಟೋ ಗೋಡೆಯೇರುವಂತಿರಲಿಲ್ಲ. ಸುಳ್ಳುಗಾರ್ತಿ ಎಂಬ ಹೆಸರು ಉಳಿಯುತ್ತಿತ್ತು.

ಮನೆಯಲ್ಲಿ ಅಪ್ಪ ಚಿದಾನಂದ್ ತಮ್ಮ ಫೋನಿನಲ್ಲಿದ್ದ ಮೂಲ ಚಿತ್ರವನ್ನು ಹಿಗ್ಗಿಸಿ ನೋಡಿದರು. ಅದರಲ್ಲಿಯೂ ನೀರಿನಲ್ಲಿ ಟ್ಯಾಂಕಿರಲಿಲ್ಲ. ಗಾಳಿಗೆ ನೀರು ಕದಡಿರಬಹುದು ಎಂದರು. ಕದಡಿದ್ದರೆ ಗುಡ್ಡವೂ ಕದಡಬೇಕಿತ್ತಲ್ಲ ಎಂದು ಮೇಘಶ್ರೀ ಕೇಳಿದಳು. ತಾನು ಅಳಿಸಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಟ್ಯಾಂಕು ಹೋದದ್ದೆಲ್ಲಿಗೆ ಎಂಬುದು ಗೊತ್ತಿರಲಿಲ್ಲ.

ಭಾನುವಾರ ಬೆಳಗಿನ ಚಳಿಯಲ್ಲಿ ಅಪ್ಪ ಅವಳನ್ನು ಸ್ಕೂಟರಿನಲ್ಲಿ ಮತ್ತೆ ಕುಂಟೆಗೆ ಕರೆದೊಯ್ದರು.

ಇಬ್ಬರೂ ಏರಿಯ ಮೇಲೆ ನಿಂತರು. ಗಾಳಿಯಿರಲಿಲ್ಲ. ಬಂಡೆಯ ಬಿರುಕುಗಳು, ಬಿರುಕುಗಳಲ್ಲಿ ಬೇರೂರಿದ ಹುಲ್ಲು, ಆಗತಾನೆ ಬಿದ್ದ ಎಳೆಬಿಸಿಲು, ಎಲ್ಲವೂ ನೀರಿನಲ್ಲಿ ಅಲುಗದೆ ನಿಂತಿದ್ದವು. ನೀರುಕೋಳಿಯೊಂದು ಗುಡ್ಡದ ತುದಿಯ ಮೇಲೆ ಈಜಿ ಹೋಯಿತು. ತುದಿ ನಡುಗಿತು, ಮತ್ತೆ ತಾನಾಗಿಯೇ ಕೂಡಿಕೊಂಡಿತು.

“ಸಖತ್ತಾಗಿದೆ ಅಲ್ವಾ ಅಪ್ಪ,” ಎಂದಳು ಮೇಘಶ್ರೀ.

ಟ್ಯಾಂಕು ಆಕಾಶದಲ್ಲಿತ್ತು. ಇಂದೂ ನೀರಿನಲ್ಲಿ ಇರಲಿಲ್ಲ.

ಹತ್ತಿರದಿಂದ ನೋಡಲೆಂದು ಅವಳು ಇಳಿಜಾರಿನಲ್ಲಿ ಇಳಿದು, ನೀರಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಅಪ್ಪನ ಫೋನನ್ನು ಎತ್ತಿದವಳು ಹಾಗೆಯೇ ಇಳಿಸಿದಳು. ಈಗ ಆಕಾಶದಲ್ಲಿಯೂ ಟ್ಯಾಂಕು ಇರಲಿಲ್ಲ. ಬಂಡೆಯ ಹಿಂದೆ ಅಡಗಿತ್ತು. ಏರಿಯನ್ನು ಹತ್ತಿದಳು, ಅದು ಮೆಲ್ಲಗೆ ಇಣುಕಿತು. ಇಳಿದಳು, ಮತ್ತೆ ಮರೆಯಾಯಿತು.

“ಜಾರುತ್ತೆ ಕಣಮ್ಮ, ಏನು ಹುಡುಕ್ತಿದೀಯಾ?” ಎಂದರು ಅಪ್ಪ.

“ಅಪ್ಪ, ನೀರು ನಮ್ ಥರ ಮೇಲೆ ನಿಂತ್ಕೊಂಡು ನೋಡ್ತಿಲ್ಲ. ಕೆಳಗೆ ಕೂತ್ಕೊಂಡು ನೋಡ್ತಿದೆ. ಅದಕ್ಕೆ ಗುಡ್ಡ ಅಡ್ಡ ಬರುತ್ತೆ.”

ಅಪ್ಪನೂ ಇಳಿದು ಬಂದು, ಪ್ಯಾಂಟು ಕೊಳೆಯಾಗುವುದನ್ನು ಲೆಕ್ಕಿಸದೆ ಅವಳ ಪಕ್ಕದಲ್ಲಿ ಕುಳಿತರು. ನೀರನ್ನೂ ಗುಡ್ಡವನ್ನೂ ಬಹಳ ಹೊತ್ತು ನೋಡಿದರು.

ಸೋಮವಾರ, ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ, ಮೇಘಶ್ರೀ ತನ್ನ ಊಟದ ಡಬ್ಬಿಯನ್ನು ಡೆಸ್ಕಿನ ಮೇಲೆ ನಿಲ್ಲಿಸಿದಳು. ಹಿಂದಿನ ಡೆಸ್ಕಿನ ಮೇಲೆ ನೀರಿನ ಬಾಟಲಿಯನ್ನಿಟ್ಟಳು. ಡಬ್ಬಿ ಗುಡ್ಡ, ಬಾಟಲಿ ಟ್ಯಾಂಕು ಎಂದು ಮಿಸ್‌ಗೆ ಹೇಳಿದಳು.

“ನಿಂತ್ರೆ ಕಾಣುತ್ತೆ ಮಿಸ್. ಈಗ ನೀರಿನ ಥರ ಕೆಳಗೆ ಕೂತ್ಕೊಂಡು ನೋಡಿ, ಪ್ಲೀಸ್.”

ತರಗತಿಯೆಲ್ಲ ನೋಡುತ್ತಿತ್ತು. ಲತಾಮಣಿ ಮಿಸ್ ಸೀರೆಯ ನೆರಿಗೆ ಹಿಡಿದು ಕುಳಿತರು. ಎದ್ದರು. ಇನ್ನೊಮ್ಮೆ ಕುಳಿತರು. ಬಳಿಕ ಡ್ರಾಯರಿನಿಂದ ಫೋಟೋ ತೆಗೆದು ಗೋಡೆಗೆ ಅಂಟಿಸಿ, ಓರೆಯಾಗಿದ್ದ ಮೂಲೆಯನ್ನು ಬೆರಳಿನಿಂದ ಸರಿಪಡಿಸಿದರು. ಬೆಲ್ ಹೊಡೆಯಿತು.

“ಬೈದಿದ್ದು ಎಲ್ಲರ ಮುಂದೆ. ಸಾರಿ ಮಾತ್ರ ಹೇಳ್ಲಿಲ್ಲ ನೋಡು,” ಎಂದಳು ದಿವ್ಯ, ಹೊರಗೆ ಬಂದ ಮೇಲೆ.

ಮೇಘಶ್ರೀ ಮರೆತ ಡಬ್ಬಿಯನ್ನು ತರಲು ಬಾಗಿಲವರೆಗೆ ಹೋದಳು. ತರಗತಿ ಖಾಲಿಯಾಗಿತ್ತು. ಡಬ್ಬಿಯ ಮುಂದೆ ಮಿಸ್ ಒಬ್ಬರೇ ಕುಳಿತಿದ್ದರು. ತಲೆಯನ್ನು ತುಸು ಎತ್ತುವರು, ತುಸು ತಗ್ಗಿಸುವರು; ಬಾಟಲಿ ಕಂಡಾಗಲೆಲ್ಲ ಅವರ ಮುಖದಲ್ಲಿ ನಗು ಮೂಡುತ್ತಿತ್ತು.

ಮೇಘಶ್ರೀ ಒಳಗೆ ಹೋಗಲಿಲ್ಲ. ಸದ್ದಾಗದಂತೆ ಹಿಂದಿರುಗಿದಳು.

“ನಿನ್ ಚಿತ್ರಾನ್ನದಲ್ಲಿ ಅರ್ಧ ಕೊಡೇ,” ಎಂದಳು ದಿವ್ಯಳಿಗೆ. “ನಾಳೆ ತೀರಿಸ್ತೀನಿ.”