ಸ್ವರ್ಣಲತಾ ಬರೆದ ರಿಪೋರ್ಟ್

ತುಮಕೂರಿನ ಆ ಆಸ್ಪತ್ರೆಯಲ್ಲಿ ಎಮರ್ಜೆನ್ಸಿಯಿಂದ ವಾರ್ಡಿಗೆ ಪೇಶೆಂಟ್ ಬರುತ್ತಿದ್ದದ್ದು ಹೀಗೆ: ಕೆಳಗಿನಿಂದ ಒಂದು ಫೋನ್, ಹಿಂದೆಯೇ ಸ್ಟ್ರೆಚರ್. ಫೋನ್ ಮಾಡುವವನು ಅಮೃತೂರಿನ ಸಂಗಮೇಶ್, ಎಮರ್ಜೆನ್ಸಿಯ ನರ್ಸ್. ಎರಡನೇ ರಿಂಗಿಗೇ ಎತ್ತುವವಳು ಸ್ವರ್ಣಲತಾ, ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬರುವ ವಾರ್ಡಿನ ನರ್ಸ್.

“ಸಿಸ್ಟರ್, ಶುಗರ್ ಜಾಸ್ತಿಯಾಗಿರೋ ಅಜ್ಜಿ ಒಬ್ರು ಬರ್ತಾವ್ರೆ. ಊಟ ಆಯ್ತಾ?”

“ನನ್ ಊಟ ಹಾಗಿರ್ಲಿ. ಅಜ್ಜಿ ವಿಷ್ಯ ಹೇಳಿ.”

“ಫೈಲಲ್ಲಿ ಎಲ್ಲಾ ಇದೆ ಬಿಡಿ.”

ಎಲ್ಲಾ ಇರಲಿಲ್ಲ. ಡಾಕ್ಟರು ಬರೆದಿದ್ದ ಇನ್ಸುಲಿನ್ ಮುಂದೆ ಕೊಟ್ಟವರ ಸಹಿ ಇರಲಿಲ್ಲ. ಸ್ವರ್ಣಲತಾ ಸಿರಿಂಜ್ ಹಿಡಿದು ಬಂದಾಗ ಸಿದ್ದಗಂಗಮ್ಮಜ್ಜಿ ತೋಳು ಹಿಂದಕ್ಕೆಳೆದುಕೊಂಡರು.

“ಕೆಳಗಡೆ ಆ ಉದ್ದಕ್ಕಿರೋ ತಮ್ಮ ಆಗ್ಲೇ ಚುಚ್ಚಿದ್ನಲ್ಲವ್ವಾ.”

ಸ್ವರ್ಣಲತಾ ಸಿರಿಂಜನ್ನು ಟ್ರೇಗೆ ವಾಪಸ್ಸಿಟ್ಟಳು. ಎರಡನೇ ಸಲ ಕೊಟ್ಟಿದ್ದರೆ ಅಜ್ಜಿಯ ಜೀವಕ್ಕೇ ಸಂಚಕಾರ ಬರುತ್ತಿತ್ತು.

ಕರೆದಾಗ ಸಂಗಮೇಶ್ ಓಡಿಬಂದ. “ಕೊಟ್ಟಿದ್ದೆ. ಬರೆಯೋದು ಮರ್ತೆ. ನಿಮಗೆ ಹೇಳೋದೂ ಮರ್ತೆ.”

“ಮೇಲಿನೋರಿಗೆ ರಿಪೋರ್ಟ್ ಬರೀಬೇಕಾಗುತ್ತೆ.”

“ಬರೀರಿ.”

ಮುಂದಿನ ತಿಂಗಳು ಅವನ ಕೆಲಸ ಖಾಯಂ ಆಗಬೇಕಿತ್ತು. ಆದಮೇಲೆ ಮನೆಗೆ ಬಂದು ಹೆಣ್ಣು ಕೇಳುತ್ತಾನೆಂದು ಅವಳು ಒಳಗೊಳಗೇ ಕನಸು ಕಟ್ಟಿದ್ದಳು. ಈಗ ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವನು ಇಷ್ಟ, ತುಂಬಾ ಇಷ್ಟ. ಆದರೂ ಬರೆದಳು, ಅವನ ಹೆಸರು ಸಮೇತ.

ಆ ರಿಪೋರ್ಟಿನಿಂದ ಆಸ್ಪತ್ರೆಯಲ್ಲಿ ಹೊಸ ಪದ್ಧತಿ ಬಂತು. ಕೆಳಗಿನ ನರ್ಸೇ ಪೇಶೆಂಟ್ ಜೊತೆ ಮೇಲೆ ಬಂದು, ಮಂಚದ ಪಕ್ಕ ನಿಂತು, ಏನು ಕೊಟ್ಟಿದೆ, ಏನು ಬಾಕಿ ಎಂದು ಹೇಳಬೇಕು. ವಾರ್ಡಿನವರು ಅದನ್ನು ತಿರುಗಿ ಹೇಳಿ ಒಪ್ಪಿಸಬೇಕು. ಸಂಗಮೇಶ್ ದಿನಕ್ಕೆ ನಾಲ್ಕೈದು ಸಲ ಬಂದ. ಔಷಧದ ಹೆಸರು ಬಿಟ್ಟು ಬೇರೆ ಮಾತಿಲ್ಲ. ಅವಳು ಒಪ್ಪಿಸುವಾಗ ಮಾತ್ರ ಅವನ ಕಣ್ಣು ಅವಳ ಮುಖ ಬಿಟ್ಟು ಕದಲುತ್ತಿರಲಿಲ್ಲ. ಬರೀ ಆ ನೋಟ ಅವಳಿಗೆ ಸಾಲಲಿಲ್ಲ; ಅವನಿಗೆ ಕೋಪವೇನೋ ಎಂದು ಸಂಕಟಪಟ್ಟಳು.

ತಿಂಗಳ ಕೊನೆಗೆ ಕ್ಯಾಂಟೀನಿನಲ್ಲಿ ಅವನೇ ಬಂದು ಎದುರು ಕೂತ.

“ಖಾಯಂ ಆಗೋದು ಆರು ತಿಂಗಳು ಮುಂದಕ್ಕೆ ಹೋಯ್ತು.”

“ಗೊತ್ತು. ಕೋಪ ಇದ್ರೆ ಬೈದ್ಬಿಡಿ.”

“ಕೋಪ ಅಲ್ಲ, ನಾಚ್ಕೆ. ಅದಕ್ಕೇ ಮಾತಾಡ್ಲಿಲ್ಲ.” ಅವನು ಲೋಟ ಪಕ್ಕಕ್ಕಿಟ್ಟ. “ನೀವು ಅವತ್ತು ಮುಚ್ಚಿಟ್ಟಿದ್ರೆ, ನಾಳೆ ನಮ್ಮವ್ವನ್ನ ನಿಮ್ ವಾರ್ಡಿಗೆ ಸೇರ್ಸೋಕೆ ನಂಗೆ ಧೈರ್ಯ ಬರ್ತಿರ್ಲಿಲ್ಲ. ನೀವಂದ್ರೆ ನಂಗಿಷ್ಟ. ಗುಬ್ಬಿಗೆ ಬಂದು ನಿಮ್ಮಪ್ಪನ್ನ ಕೇಳ್ಬೇಕು. ಆರು ತಿಂಗಳು ಕಾಯ್ತೀರಾ?”

“ಕಾಯಲ್ಲ.”

ಅವನ ಮುಖ ಸಪ್ಪಗಾಯಿತು. ಸ್ವರ್ಣಲತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

“ಈ ಭಾನುವಾರವೇ ಬನ್ನಿ. ಕೆಲ್ಸ ಖಾಯಂ ಆಗಿಲ್ಲ ಅನ್ನೋದನ್ನ ಅಪ್ಪಂಗೆ ನೀವೇ ಹೇಳಿ. ಯಾಕಾಗಿಲ್ಲ ಅನ್ನೋದನ್ನ ನಾನು ಹೇಳ್ತೀನಿ.”