ಬಾವಿಯ ಬಾಟಲಿಯಲ್ಲಿ ತಿಳಿನೀರು

ಆರ್ವಿಲ್ ಕ್ಯಾಂಟ್ರೆಲ್ ತನ್ನ ಮನೆಯ ಹಿಂದಿನ ಬಾವಿಯ ಹತ್ತಿರ ಸತ್ತು ಬಿದ್ದಿದ್ದ. ತಲೆಯ ಹಿಂಭಾಗ ಕಲ್ಲಿನ ಮೆಟ್ಟಿಲಿಗೆ ಬಡಿದು ಒಡೆದಿತ್ತು. ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು. ಪಕ್ಕದಲ್ಲಿ ನೀರು ಪರೀಕ್ಷೆಯ ಬಾಟಲಿಗಳ ಪೆಟ್ಟಿಗೆ.

ಮೊದಲು ಕಂಡವಳು ಅವನ ಹೆಂಡತಿ ಝೆಲ್ಲಾ. ಈಚೆಗೆ ಅವಳ ಮೂತ್ರಪಿಂಡಗಳು ಕೆಟ್ಟಿದ್ದವು. ಬೆಳಿಗ್ಗೆ ಡಯಾಲಿಸಿಸ್‌ಗೆಂದು ಹೋದವಳು ಮಧ್ಯಾಹ್ನ ನೆರೆಯವರ ಕಾರಿನಲ್ಲಿ ಬಂದಿಳಿದು ಹಿತ್ತಲಿಗೆ ಹೋಗಿದ್ದಳು.

ತನಿಖೆಗೆ ಬಂದವಳು ಕೌಂಟಿ ಪೊಲೀಸಿನ ವರ್ಲೀನ್ ಮುಲಿನ್ಸ್. ಇದೇ ಸ್ಲೇಟ್ ಲಿಕ್ ಕಣಿವೆಯಲ್ಲಿ ಹುಟ್ಟಿ ಬೆಳೆದವಳು. ಸತ್ತವನ ತೊಡೆಯ ಮೇಲೆ ಆಡಿದವಳು. ಹೆಣದ ಮುಖಕ್ಕೆ ಅವಳೇ ಬಟ್ಟೆ ಹೊದಿಸಿದಳು.

ಗಣಿ ಕಂಪನಿ ಗುಡ್ಡದ ನೆತ್ತಿ ಸಿಡಿಸಿ ಕಲ್ಲಿದ್ದಲು ತೆಗೆಯತೊಡಗಿದ ಮೇಲೆ ಕಣಿವೆಯ ಬಾವಿಗಳೆಲ್ಲ ಕೆಂಪಾಗಿದ್ದವು. ಆರ್ವಿಲ್ ಕೋರ್ಟಿಗೆ ಹೋಗಿದ್ದ. ಕೋರ್ಟಿನ ಆಜ್ಞೆಯಂತೆ ಪ್ರತಿ ತಿಂಗಳೂ ಬಾವಿಯ ನೀರು ಪಟ್ಟಣದ ಪ್ರಯೋಗಾಲಯಕ್ಕೆ ಹೋಗಬೇಕು. ಪ್ರತಿ ತಿಂಗಳೂ ಒಂದೇ ಉತ್ತರ: ನೀರು ಚೆನ್ನಾಗಿದೆ. ಆರ್ವಿಲ್‌ಗೆ ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು.

*

ಮೊದಲ ಅನುಮಾನ ಗಣಿಯ ಕಾವಲುಗಾರ ಸ್ಕ್ಯಾಗ್ಸ್ ಮೇಲೆ. ಹಿಂದೆ ಗೇಟಿನ ಬಳಿ ಆರ್ವಿಲ್‌ನತ್ತ ಬಂದೂಕು ತೋರಿಸಿದವನು.

"ತೋರಿಸಿದ್ದು ನಿಜ," ಎಂದ ಸ್ಕ್ಯಾಗ್ಸ್. "ಆದ್ರೆ ನಮ್ಮಮ್ಮನ ಬಾವೀನೂ ಕೆಟ್ಟಿದೆ. ಅವನ ಮೇಲೆ ನಂಗೇನು ದ್ವೇಷ?"

ಅಂದು ಬೆಳಿಗ್ಗೆಯೆಲ್ಲ ಗುಡ್ಡದಲ್ಲಿ ಸಿಡಿಮದ್ದು. ಸ್ಕ್ಯಾಗ್ಸ್ ರಸ್ತೆಗೆ ಅಡ್ಡ ನಿಂತು ವಾಹನ ತಡೆಯುತ್ತಿದ್ದ. ಶಾಲೆಯ ಬಸ್ಸಿನ ಚಾಲಕಿ, ಅಂಚೆಯವನು, ಎಲ್ಲರೂ ಅವನನ್ನು ಕಂಡಿದ್ದರು. ಆ ದಾರಿ ಅಲ್ಲಿಗೇ ಮುಚ್ಚಿತು.

ವರ್ಲೀನ್ ಬಾವಿಗೆ ಮರಳಿದಳು. ಒಂದು ಬಾಟಲಿಯ ಮುಚ್ಚಳ ತೆರೆದಿತ್ತು. ಒಳಗಿನ ನೀರು ತಿಳಿ. ಮೂಸಿದಳು. ಬ್ಲೀಚಿಂಗ್ ಪುಡಿಯ ವಾಸನೆ. ಮುಚ್ಚಳದ ಒಳಗೆ ಬೆರಳಾಡಿಸಿದಳು. ಬೆರಳಿಗೆ ಕೆಂಪು ಕೆಸರು ಹತ್ತಿತು.

ಯಾರೋ ಬಾವಿಯ ನೀರು ಚೆಲ್ಲಿ ಪಟ್ಟಣದ ನಲ್ಲಿನೀರು ತುಂಬಿದ್ದರು. ಇಂದು ಮಾತ್ರವಲ್ಲ, ಪ್ರತಿ ತಿಂಗಳೂ.

ಕಣಿವೆಯಲ್ಲಿ ನಲ್ಲಿಯಿಲ್ಲ. ಆರ್ವಿಲ್‌ನ ತಮ್ಮ ಎಸ್ಟಿಲ್ ತನ್ನ ಟ್ರಕ್ಕಿನಲ್ಲಿ ಪಟ್ಟಣದಿಂದ ನೀರು ಹೊತ್ತು ಮನೆಮನೆಗೂ ಹಂಚುತ್ತಿದ್ದ. ಅಣ್ಣನ ಕಣ್ಣು ಮಂಜಾದ ಮೇಲೆ ಬಾಟಲಿಗಳನ್ನು ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದವನೂ ಅವನೇ.

ವರ್ಲೀನ್ ಬಾಟಲಿಯ ಮುಚ್ಚಳ ಬಿಗಿದಳು. ತನ್ನ ತಾಯಿ ಹಾಸಿಗೆ ಹಿಡಿದಾಗ ಬಾಯಿಗೆ ನೀರು ಬಿಟ್ಟಿದ್ದವನು ಈ ಎಸ್ಟಿಲ್ ಮಾವ.

*

ಎಸ್ಟಿಲ್ ಅಣ್ಣನ ಮನೆಯ ಜಗಲಿಯಲ್ಲಿ ತಲೆತಗ್ಗಿಸಿ ಕೂತಿದ್ದ. ಬೆಳಿಗ್ಗೆಯಿಂದ ಪಟ್ಟಣದಲ್ಲೇ ಇದ್ದೆ, ಸುದ್ದಿ ಕೇಳಿ ಈಗ ಬಂದೆ ಎಂದ.

ವರ್ಲೀನ್ ಝೆಲ್ಲಾಗೆ ನೀರು ತರಲು ಅಡುಗೆಮನೆಗೆ ಹೋದಳು. ನೀಲಿ ಡ್ರಮ್ ಕಂಠಮಟ್ಟ ತುಂಬಿತ್ತು.

"ಅತ್ತೆ, ಡ್ರಮ್ ಯಾವಾಗ ತುಂಬಿದ್ದು?"

"ತುಂಬಿದ್ಯಾ?" ಎಂದಳು ಝೆಲ್ಲಾ. "ಬೆಳಿಗ್ಗೆ ಅವನ ಅಂಗಿ ಒಗೆಯೋವಾಗ ತಳ ಕಂಡಿತ್ತು."

ವರ್ಲೀನ್ ಹೊರಗೆ ಬಂದು ಎಸ್ಟಿಲ್‌ನ ಪಕ್ಕ ಕೂತಳು. ಮುಚ್ಚಳದ ಕೆಸರು, ಬ್ಲೀಚಿಂಗ್ ವಾಸನೆ, ಡ್ರಮ್ಮು, ಎಲ್ಲವನ್ನೂ ಮೆಲ್ಲಗೆ ಹೇಳಿದಳು.

"ಬೆಳಿಗ್ಗೆ ನೀನು ಬಂದಿದ್ದೆ ಮಾವ. ನೀನಲ್ದೆ ಈ ಮನೆ ಡ್ರಮ್ ಇನ್ಯಾರು ತುಂಬಿಸ್ತಾರೆ?"

ಎಸ್ಟಿಲ್ ಕಂಪನಿ ಇನ್ನೂ ಮುಟ್ಟದ ಎದುರಿನ ಗುಡ್ಡದ ಕಡೆ ನೋಡಿದ. ಅವನ ಹೆಂಡತಿ ಡವಿಯ ಸಮಾಧಿ ಅಲ್ಲಿತ್ತು.

"ನೀರು ಕೆಟ್ಟಿದೆ ಅಂತ ಸಾಬೀತಾದ್ರೆ ಕಂಪನಿ ನಮ್ಮನ್ನೆಲ್ಲ ಎಬ್ಬಿಸಿ ಕಣಿವೇನೇ ಕೊಂಡ್ಕೊಳ್ಳತ್ತೆ," ಎಂದ. "ಜನ ಹೋದ್ಮೇಲೆ ಆ ಗುಡ್ಡ ಬಿಡ್ತಾರಾ? ಡವೀನ ಎಲ್ಲಿ ಅಂತ ಹುಡುಕ್ಲಿ? ಯಾರೂ ಬಾವಿ ನೀರು ಕುಡೀಬಾರ್ದು ಅಂತಾನೇ ನಾನು ಇಷ್ಟು ದಿನ ಹೊತ್ತಿದ್ದು."

ಅಂದು ಬಾಟಲಿ ಬದಲಿಸುವಾಗ ಆರ್ವಿಲ್ ಹಿಂದಿನಿಂದ ಬಂದಿದ್ದ. ಕೈಕೈ ಮಿಲಾಯಿಸಿದರು. ಎಸ್ಟಿಲ್ ಅಣ್ಣನ ಅಂಗಿ ಹಿಡಿದು ದೂಡಿದ. ಆರ್ವಿಲ್ ಮತ್ತೆ ಏಳಲಿಲ್ಲ.

"ಝೆಲ್ಲಾ ಸುಸ್ತಾಗಿ ಬರ್ತಾಳೆ, ಮನೇಲಿ ನೀರಿಲ್ಲ ಅಂತ ನೆನಪಾಯ್ತು," ಎಂದ. "ತುಂಬಿಸಿ ಹೋದೆ."

ಬಾಗಿಲಲ್ಲಿ ಝೆಲ್ಲಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೀನು ತಂದ ನೀರು ನಾನು ಕುಡೀತಾನೇ ಇರ್ಲಿಲ್ಲ ಎಸ್ಟಿಲ್," ಎಂದಳು. ದನಿ ಏರಲಿಲ್ಲ. "ಆರ್ವಿಲ್‌ಗೆ ಕೊಡ್ತಿದ್ದೆ. ಬಾವಿ ನೀರಲ್ಲಿ ಬಟ್ಟೆ ಕಲೆ ಆಗತ್ತಲ್ಲ, ಮಿಕ್ಕಿದ್ದು ಒಗೆಯೋಕೆ. ನಂಗೆ ಮಾತ್ರ ಬಾವೀದೇ ಸೋಸಿ ಇಡ್ತಿದ್ದೆ. ಪ್ರತಿ ಸಲ ಚೆನ್ನಾಗಿದೆ ಅಂತಾನೇ ಬರ್ತಿತ್ತಲ್ಲ."

ಎಸ್ಟಿಲ್ ತಲೆಯೆತ್ತಿದ. ಅವಳ ತೋಳಿನಲ್ಲಿ ಆಸ್ಪತ್ರೆಯ ಬ್ಯಾಂಡೇಜ್ ಇನ್ನೂ ಹಾಗೇ ಇತ್ತು.

"ಯಾಕೆ?" ಎಂದು ಕೇಳಿದ.

"ನಿನ್ನ ಬೆನ್ನು ನೋವು ನೋಡೋಕಾಗ್ತಿರ್ಲಿಲ್ಲ. ನೀರು ಹೊತ್ತು ನೀನು ಒಂದು ಸಲ ಕಮ್ಮಿ ಬರ್ಲಿ ಅಂತ."

ಎಸ್ಟಿಲ್ ಎರಡೂ ಕೈಗಳನ್ನು ತಾನೇ ವರ್ಲೀನ್‌ಳ ಮುಂದೆ ಚಾಚಿದ. ಕೋಳ ತೊಡಿಸುವಾಗ ಅವಳ ಕಣ್ಣು ತುಂಬಿತ್ತು.

*

ಮುಂದಿನ ಸಲ ಬಾವಿಯ ನೀರನ್ನು ವರ್ಲೀನ್ ತಾನೇ ಒಯ್ದಳು. ವರದಿ ನಿಜ ಹೇಳಿತು. ಬೇಸಿಗೆ ಕಳೆಯುವಷ್ಟರಲ್ಲಿ ಕಂಪನಿ ಕಣಿವೆಯನ್ನೇ ಕೊಂಡಿತು, ಮನೆಗಳು ಒಂದೊಂದಾಗಿ ಖಾಲಿಯಾದವು.

ಝೆಲ್ಲಾ ಆರ್ವಿಲ್‌ನನ್ನು ಗುಡ್ಡದ ಮೇಲೆ, ಡವಿಯ ಪಕ್ಕದಲ್ಲೇ ಮಣ್ಣು ಮಾಡಿಸಿದ್ದಳು. ಅವರ ಮನೆತನಕ್ಕೆ ಬೇರೆ ಜಾಗ ಇರಲಿಲ್ಲ.